ಡಿಗ್ರಿ ಮುಗಿದ ಮೇಲಿನ ಆರು ತಿಂಗಳು

2024ರ ದ್ವಿತೀಯ ಪಿಯುಸಿ ಫಲಿತಾಂಶದಲ್ಲಿ ನಮ್ಮ ವಿಜಯಪುರ ಜಿಲ್ಲೆಗೆ ರಾಜ್ಯದಲ್ಲೇ 3ನೇ ಸ್ಥಾನ ಬಂತು. ದಕ್ಷಿಣ ಕನ್ನಡ, ಉಡುಪಿ ಬಿಟ್ಟರೆ ನಾವೇ. ಆವತ್ತು ಎಲ್ಲರೂ ಖುಷಿಪಟ್ಟೆವು. ಪಡಲೇಬೇಕಾದ ಖುಷಿ ಅದು. ಆ ಬ್ಯಾಚಿನ ಮಕ್ಕಳಲ್ಲಿ ಮೂರು ವರ್ಷದ ಡಿಗ್ರಿಗೆ ಸೇರಿದವರು ಓದು ಮುಗಿಸುವುದು 2027ಕ್ಕೆ. ಆಮೇಲೆ ಅವರು ಎಲ್ಲಿಗೆ ಹೋದರು, ಏನು ಕೆಲಸ ಸಿಕ್ಕಿತು, ಯಾರ ಮನೆಯ ಮಗುವಿಗೆ ಸಿಕ್ಕಿತು, ಯಾರದ್ದಕ್ಕೆ ಸಿಗಲಿಲ್ಲ? ಈ ಲೆಕ್ಕ ಯಾರಾದರೂ ಇಡುತ್ತಾರಾ?

ನಾನು ಈ ಜಿಲ್ಲೆಯ ಒಂದು ಡಿಗ್ರಿ ಕಾಲೇಜಿನಲ್ಲಿ ಕಾಮರ್ಸ್ ಪಾಠ ಮಾಡುವವಳು. ಬಡವರ ಮಕ್ಕಳಿಗೆ ಕಾಲೇಜಿನ ಬಾಗಿಲು ತೆಗೆಯುವುದರ ಬಗ್ಗೆ ನಾವು ಬಹಳ ಮಾತಾಡುತ್ತೇವೆ. ಆದರೆ ಮನೆಯ ಪರಿಸ್ಥಿತಿ ಮಕ್ಕಳನ್ನು ಜಾಸ್ತಿ ಹಿಂದಕ್ಕೆ ಎಳೆಯುವುದು ಡಿಗ್ರಿ ಕೈಗೆ ಬಂದ ಮೇಲೆ. ಇವತ್ತು ಅದನ್ನೇ ಬರೆಯಬೇಕು ಅನಿಸಿದೆ.

ಬಾಗಿಲಿನ ವಿಷಯದಲ್ಲಿ ಆಗಿರುವ ಕೆಲಸ ಸಣ್ಣದಲ್ಲ. 2003ರಲ್ಲಿ ಮಹಿಳಾ ವಿಶ್ವವಿದ್ಯಾಲಯ ವಿಜಯಪುರಕ್ಕೇ ಬಂತು. 2010ರಲ್ಲಿ ಬೆಳಗಾವಿಯಲ್ಲಿ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ ಆಯಿತು. ಸಿಇಟಿಯಲ್ಲಿ ಗ್ರಾಮೀಣ ಕೋಟಾ ಶೇ 15, ಕನ್ನಡ ಮಾಧ್ಯಮಕ್ಕೆ ಶೇ 5 ಇದೆ. 2021-22ರ ಅಖಿಲ ಭಾರತ ಉನ್ನತ ಶಿಕ್ಷಣ ಸಮೀಕ್ಷೆ ಪ್ರಕಾರ ಉನ್ನತ ಶಿಕ್ಷಣಕ್ಕೆ ಸೇರುವವರ ಪ್ರಮಾಣ ದೇಶದಲ್ಲಿ ಶೇ 28.4 ಇದ್ದರೆ ಕರ್ನಾಟಕದಲ್ಲಿ ಶೇ 36.2. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲಂತೂ ಹೆಣ್ಣುಮಕ್ಕಳಿಗೆ ಬಸ್ ಪಾಸಿನ ಚಿಂತೆಯೇ ಇಲ್ಲ. ಇದೆಲ್ಲ ಬೇಕಿತ್ತು, ಇನ್ನೂ ಬೇಕು.

ಆದರೂ ಬಾಗಿಲು ಎಲ್ಲರಿಗೂ ಒಂದೇ ತರ ತೆರೆಯುವುದಿಲ್ಲ. ಹಳ್ಳಿಯ ಹುಡುಗಿಗೆ ಕೋರ್ಸ್ ಆರಿಸುವ ಸ್ವಾತಂತ್ರ್ಯ ಹೆಸರಿಗೆ ಮಾತ್ರ. ಬೆಳಗಿನ ಬಸ್ ಯಾವ ಊರಿಗೆ ಹೋಗುತ್ತದೋ ಆ ಊರಿನ ಕಾಲೇಜು. ಆ ಕಾಲೇಜಿನಲ್ಲಿ ಏನಿದೆಯೋ ಅದೇ ಕೋರ್ಸ್. ಸಾಯಂಕಾಲದ ಬಸ್ ತಪ್ಪುತ್ತದೆ ಅಂತ ಕೊನೆಯ ಪೀರಿಯಡ್ ಬಿಟ್ಟು ಓಡುವ ಮಕ್ಕಳನ್ನು ದಿನಾ ನೋಡುತ್ತೇನೆ. ಇನ್ನು ಸ್ಕಾಲರ್‌ಶಿಪ್. ಆಧಾರ್‌ನಲ್ಲಿ ಒಂದು ಹೆಸರು, ಮಾರ್ಕ್ಸ್ ಕಾರ್ಡಿನಲ್ಲಿ ಒಂದು ಅಕ್ಷರ ಹೆಚ್ಚುಕಮ್ಮಿ, ಬ್ಯಾಂಕ್ ಖಾತೆಗೆ ಆಧಾರ್ ಜೋಡಿಸುವ ಎನ್‌ಪಿಸಿಐ ಮ್ಯಾಪಿಂಗ್ ಆಗಿಲ್ಲ. ಇಷ್ಟಕ್ಕೇ ರಾಜ್ಯದ ಸ್ಕಾಲರ್‌ಶಿಪ್ ಪೋರ್ಟಲ್ ಎಸ್‌ಎಸ್‌ಪಿ ಅರ್ಜಿ ನಿಂತುಬಿಡುತ್ತದೆ. ಅಪ್ಪ ಅಮ್ಮ ಓದಿದವರಾದರೆ ಅವರೇ ಓಡಾಡಿ ಸರಿ ಮಾಡಿಸುತ್ತಾರೆ. ಇಲ್ಲದಿದ್ದರೆ ಹುಡುಗಿಯೇ ಕ್ಲಾಸ್ ಬಿಟ್ಟು ಬ್ಯಾಂಕಿಗೂ ಸೈಬರ್ ಸೆಂಟರಿಗೂ ಅಲೆಯಬೇಕು. ಫೀ ಕಟ್ಟುವುದು ವರ್ಷದ ಶುರುವಿಗೆ. ಸ್ಕಾಲರ್‌ಶಿಪ್ ದುಡ್ಡು ಬರುವುದು ಯಾವಾಗಲೋ. ನಡುವಿನ ಬಡ್ಡಿ ಕಟ್ಟುವವರು ಕೂಲಿ ಮಾಡುವ ಅಪ್ಪ.

ಇದೆಲ್ಲ ದಾಟಿ ಪಾಸಾಗುತ್ತಾರಲ್ಲ, ಅಲ್ಲಿಂದ ನನ್ನ ಮುಖ್ಯ ಮಾತು.

ನನ್ನ ಒಬ್ಬ ವಿದ್ಯಾರ್ಥಿನಿಯ ಕತೆ ಹೇಳುತ್ತೇನೆ. ತಾಂಡಾದವಳು. ಮನೆಯವರು ದೀಪಾವಳಿ ಮುಗಿಯುತ್ತಿದ್ದಂತೆ ಕಬ್ಬು ಕಡಿಯಲು ಸಾಂಗ್ಲಿ ಕಡೆ ಹೋಗುತ್ತಾರೆ. ಇವಳು ಅಜ್ಜಿಯ ಹತ್ತಿರ ಇದ್ದು ಓದಿದಳು. ಅಜ್ಜಿಗೆ ಆರಾಮಿಲ್ಲದೆ ಪಿಯುಸಿಯಲ್ಲಿ ಒಂದು ವರ್ಷ ಹೋಯಿತು. ಬಿ.ಕಾಂ. ಕೊನೆಯ ಸೆಮಿಸ್ಟರ್ ಹೊತ್ತಿಗೆ ಕ್ಲಾಸಿನ ಒಳ್ಳೆಯ ಮಕ್ಕಳಲ್ಲಿ ಒಬ್ಬಳು. ಕ್ಯಾಂಪಸ್ ಸಂದರ್ಶನಕ್ಕೆ ಬಂದ ಮೊದಲ ಕಂಪನಿ ಕೇಳಿದ್ದು 'ಥ್ರೂಔಟ್ ಶೇ 60, ನೋ ಗ್ಯಾಪ್'. ಅಂದರೆ ಎಸ್‌ಎಸ್‌ಎಲ್‌ಸಿ, ಪಿಯುಸಿ, ಡಿಗ್ರಿ ಮೂರರಲ್ಲೂ ಶೇ 60 ಇರಬೇಕು, ನಡುವೆ ಒಂದು ವರ್ಷವೂ ಬಿಟ್ಟಿರಬಾರದು. ಅರ್ಜಿ ಹಾಕುವ ಮೊದಲೇ ಅವಳು ಹೊರಗೆ. ಡಿಗ್ರಿಯಲ್ಲಿ ಎಷ್ಟೇ ಚೆನ್ನಾಗಿ ಓದಿದರೂ ಪಿಯುಸಿಯಲ್ಲಿ ಹೋದ ಆ ಒಂದು ವರ್ಷ ಬೆನ್ನು ಬಿಡಲಿಲ್ಲ. ನಿಯಮ ಎಲ್ಲರಿಗೂ ಒಂದೇ ಅಂತ ಹೇಳುತ್ತಾರೆ. ಹೌದು, ಒಂದೇ. ಆದರೆ ಆ ನಿಯಮಕ್ಕೆ ಸಿಕ್ಕಿಕೊಳ್ಳುವ ಮಕ್ಕಳು ಯಾವ ಮನೆಯಿಂದ ಬಂದವರು ಅಂತ ನೋಡಿ.

ಎರಡನೇ ಕಂಪನಿ ಹೀಗೇನೂ ಕೇಳಲಿಲ್ಲ. ಅವಳನ್ನು ತೆಗೆದುಕೊಂಡಿತು. ಬೆಂಗಳೂರಿನಲ್ಲಿ ಕೆಲಸ. ಆಫರ್ ಲೆಟರನ್ನು ಮೊಬೈಲಿನಲ್ಲಿ ತೋರಿಸಲು ಬಂದವಳ ಮುಖದಲ್ಲಿ ಖುಷಿಗಿಂತ ಚಿಂತೆ ಜಾಸ್ತಿ ಇತ್ತು.

"ಮೇಡಂರೀ, ಪಿಜಿಯವ್ರು ಅಡ್ವಾನ್ಸ್ ಕೇಳಾಕತ್ತಾರ್ರಿ. ಮುಂದಿನ ತಿಂಗಳು ಜಾಯಿನ್ ಆಗ್ತೀನಂದ್ರ ನಡೀತದೇನ್ರಿ?"

ಇಬ್ಬರೂ ಕೂತು ಒಂದು ಹಾಳೆಯ ಹಿಂದೆ ಲೆಕ್ಕ ಬರೆದೆವು. ಪಿಜಿ ಬಾಡಿಗೆ, ಅಷ್ಟೇ ಅಡ್ವಾನ್ಸ್, ಮಧ್ಯಾಹ್ನದ ಊಟ, ಆಫೀಸಿಗೆ ಹೋಗಿಬರುವ ಖರ್ಚು, ಎರಡು ಜೊತೆ ಒಳ್ಳೆ ಬಟ್ಟೆ, ಒಂದು ಜೊತೆ ಚಪ್ಪಲಿ, ಮೆಡಿಕಲ್ ಸರ್ಟಿಫಿಕೇಟ್. ತಿಂಗಳ ಕೊನೆಯ ವಾರ ಸೇರಿದರೆ ಆ ತಿಂಗಳ ಸಂಬಳವೂ ಮುಂದಿನ ತಿಂಗಳ ಜೊತೆಗೇ ಬರುತ್ತದೆ. ಒಟ್ಟು 25 ಸಾವಿರ ದಾಟಿತು. ಮನೆಯವರು ಕಬ್ಬು ಕಡಿಯಲು ಕರೆದೊಯ್ಯುವ ಮುಕಾದಮನ ಹತ್ತಿರ ತೆಗೆದುಕೊಂಡ ಮುಂಗಡ ಆಗಲೇ ಖರ್ಚಾಗಿತ್ತು. ಮತ್ತೆ ಕೇಳುವ ಹಾಗಿರಲಿಲ್ಲ. ಕಂಪನಿ ದಿನ ಮುಂದಕ್ಕೆ ಹಾಕಲಿಲ್ಲ. ಸ್ಟಾಫ್‌ರೂಮಿನಲ್ಲಿ ನಾವು ಕೂಡಿಸಿ ಕೊಡುವ ಮಾತಾಡಿದೆವು. ಅವಳ ಅಪ್ಪ ಒಪ್ಪಲಿಲ್ಲ. ಸಾಲದ ಮೇಲೆ ಸಾಲ, ಗೊತ್ತಿಲ್ಲದ ಊರು, ಒಬ್ಬಳೇ ಮಗಳು. ಆ ತಂದೆಯ ಮೇಲೆ ನನಗೆ ಕೋಪ ಬರುವುದಿಲ್ಲ.

ಅದೇ ಕ್ಲಾಸಿನ ಇನ್ನೊಬ್ಬ ಹುಡುಗನೂ ಅದೇ ಕಂಪನಿಗೆ ಆಯ್ಕೆಯಾಗಿದ್ದ. ಅವನ ಅಂಕ ಇವಳಿಗಿಂತ ಕಡಿಮೆ. ಒಳ್ಳೆಯ ಹುಡುಗ, ಕಷ್ಟಪಟ್ಟು ಓದಿದವನು. ಅವನ ಕಾಕಾನ ಮನೆ ಬೆಂಗಳೂರಿನ ರಾಜಾಜಿನಗರದಲ್ಲಿ. ಬ್ಯಾಗ್ ತಗೊಂಡು ಸಂಜೆ ಗೋಲಗುಂಬಜ್ ಎಕ್ಸ್‌ಪ್ರೆಸ್ ಹತ್ತಿದ, ಅಷ್ಟೇ. ಇವಳು ಈಗ ಊರಿನ ಹತ್ತಿರದ ಒಂದು ಸೊಸೈಟಿಗೆ ಪಿಗ್ಮಿ ಸಂಗ್ರಹ ಮಾಡುತ್ತಾಳೆ. ಅದೂ ಮರ್ಯಾದೆಯ ಕೆಲಸವೇ. ಆದರೆ ಅವಳು ಓದಿದ್ದಕ್ಕೆ ತಕ್ಕ ಕೆಲಸ ಅಲ್ಲ, ಅಲ್ವಾ?

ಇಬ್ಬರೂ ಒಂದೇ ಕಾಲೇಜು, ಒಂದೇ ಪಾಠ, ಒಂದೇ ಡಿಗ್ರಿ. ವ್ಯತ್ಯಾಸ ಮಾಡಿದ್ದು ಬೆಂಗಳೂರಿನಲ್ಲಿದ್ದ ಒಬ್ಬ ಕಾಕಾ.

'ಪ್ರತಿಭೆ ಇದ್ದವರು ಹೇಗಾದರೂ ಮೇಲೆ ಬರ್ತಾರೆ' ಅನ್ನುವವರು ನಮ್ಮಲ್ಲಿ ಬಹಳ ಜನ ಇದ್ದಾರೆ. ಇಂಗ್ಲೆಂಡಿನಲ್ಲಿ ಇದನ್ನು ಅಂಕಿಅಂಶ ಇಟ್ಟುಕೊಂಡೇ ನೋಡಿದ್ದಾರೆ. ತೆರಿಗೆ ದಾಖಲೆ ಮತ್ತು ವಿದ್ಯಾರ್ಥಿ ಸಾಲದ ದಾಖಲೆ ಎರಡನ್ನೂ ಜೋಡಿಸಿ ಮಾಡಿದ ಅಧ್ಯಯನ ಒಂದು 2016ರಲ್ಲಿ ಬಂತು. ಅದೇ ವಿಶ್ವವಿದ್ಯಾಲಯದಲ್ಲಿ ಅದೇ ವಿಷಯ ಓದಿದವರಲ್ಲೂ ಶ್ರೀಮಂತರ ಮನೆಯಿಂದ ಬಂದವರ ಗಳಿಕೆ ಸುಮಾರು ಶೇ 10 ಹೆಚ್ಚಿತ್ತು. ಅಲ್ಲೇ ಹೀಗಾದರೆ, ಮುಂಗಡದ ಮೇಲೆ ಸಂಸಾರ ನಡೆಯುವ ನಮ್ಮ ಕಡೆ ಹೇಗಿರಬಹುದು?

ನಮ್ಮಲ್ಲಿ ಮಾಹಿತಿ ಇಲ್ಲ ಅಂತಲ್ಲ. ಕಾಲೇಜುಗಳಿಗೆ ಕೇಂದ್ರ ಸರ್ಕಾರ ಕೊಡುವ ಎನ್‌ಐಆರ್‌ಎಫ್ ರ‍್ಯಾಂಕಿಂಗ್‌ಗೆ ಕೊಡುವ ಮಾಹಿತಿಯಲ್ಲಿ ಎಷ್ಟು ಮಕ್ಕಳು ಆರ್ಥಿಕವಾಗಿ ಹಿಂದುಳಿದವರು ಅಂತ ಒಂದು ಕಾಲಂ ಇದೆ. ಎಷ್ಟು ಜನರಿಗೆ ಕೆಲಸ ಸಿಕ್ಕಿತು ಅಂತ ಇನ್ನೊಂದು ಕಾಲಂ ಇದೆ. ಕೆಲಸ ಸಿಕ್ಕವರಲ್ಲಿ ಹಿಂದುಳಿದ ಮನೆಯ ಮಕ್ಕಳು ಎಷ್ಟು ಅನ್ನುವ ಕಾಲಂ ಮಾತ್ರ ಇಲ್ಲ. ಅದೊಂದು ಕಾಲಂ ಸೇರಿಸಲಿ. ಆಗ ಪ್ಲೇಸ್‌ಮೆಂಟ್ ಬ್ಯಾನರಿನ ಮೇಲಿನ ಫೋಟೊಗಳ ಅಸಲಿ ಲೆಕ್ಕ ಗೊತ್ತಾಗುತ್ತದೆ.

ಸರ್ಕಾರದ ಸಹಾಯ ಎಲ್ಲಿ ನಿಲ್ಲುತ್ತದೆ ನೋಡಿ. ಕೊನೆಯ ಪರೀಕ್ಷೆ ಮುಗಿದರೆ ಹಾಸ್ಟೆಲ್ ಖಾಲಿ ಮಾಡಬೇಕು. ವಿದ್ಯಾಸಿರಿ ನಿಲ್ಲುತ್ತದೆ. ರೈತ ವಿದ್ಯಾನಿಧಿ ನಿಲ್ಲುತ್ತದೆ. ಯುವನಿಧಿಯಲ್ಲಿ ಪದವೀಧರರಿಗೆ ತಿಂಗಳಿಗೆ 3000 ರೂಪಾಯಿ ಇದೆ ನಿಜ. ಆದರೆ ಅದು ಪಾಸಾಗಿ 180 ದಿನ ಕೆಲಸ ಸಿಗದೇ ಇದ್ದವರಿಗೆ. ಕೆಲಸ ಸಿಕ್ಕರೆ ಅದೂ ಇಲ್ಲ. ಅಂದರೆ ಆಫರ್ ಲೆಟರ್ ಕೈಯಲ್ಲಿ ಹಿಡಿದು ಪಿಜಿ ಅಡ್ವಾನ್ಸಿಗೆ ಪರದಾಡುವ ಮಗುವಿಗೆ ಯಾವ ಯೋಜನೆಯೂ ಇಲ್ಲ. ಸಂದರ್ಶನಕ್ಕೆ ಅಲೆಯುವುದು, ಊರು ಬಿಡುವುದು, ಮೊದಲ ಸಂಬಳಕ್ಕೆ ಕಾಯುವುದು ಎಲ್ಲವೂ ಬರುವುದು ಆ ಆರು ತಿಂಗಳಲ್ಲೇ. ದುಡ್ಡು ಬೇಕಾಗುವುದೂ ಆಗಲೇ. ಶಕ್ತಿ ಯೋಜನೆಯ ಸಾದಾ ಬಸ್ಸಿನಲ್ಲಿ ರಾತ್ರಿಯಿಡೀ ಕೂತು ಹುಡುಗಿ ಬೆಂಗಳೂರು ಮುಟ್ಟಬಹುದು. ಇಳಿದ ಮೇಲೆ ಎಲ್ಲಿಗೆ ಹೋಗಬೇಕು?

ಪಕ್ಕದ ಕಲಬುರಗಿ, ಯಾದಗಿರಿ ಮಕ್ಕಳಿಗೆ ಸಂವಿಧಾನದ 371ಜೆ ವಿಧಿ ಇದೆ, ಸೀಟಿನಲ್ಲೂ ನೌಕರಿಯಲ್ಲೂ ಮೀಸಲಾತಿ ಇದೆ. ಅವರಿಗೆ ಸಿಕ್ಕಿದ್ದು ನ್ಯಾಯವೇ. ನಮ್ಮ ಜಿಲ್ಲೆ ಅದರಲ್ಲಿ ಬರುವುದಿಲ್ಲ. ಆದರೆ ನಮ್ಮ ಸಿಂದಗಿಯ ಹುಡುಗಿಯ ಬಡತನಕ್ಕೂ ಕಲಬುರಗಿ ಜಿಲ್ಲೆಯ ಅಫಜಲಪುರದ ಹುಡುಗಿಯ ಬಡತನಕ್ಕೂ ಏನು ಫರಕು ಅಂತ ನನಗೆ ಗೊತ್ತಾಗುವುದಿಲ್ಲ.

ಈ ಭಾಗದ ಹಿರಿಯರಿಗೆ ಈ ವಿಷಯ ಗೊತ್ತಿತ್ತು. ಬಾಗಲಕೋಟೆಯಲ್ಲಿ 1906ರಲ್ಲಿ ಬಿ.ವಿ.ವಿ. ಸಂಘ, ವಿಜಯಪುರದಲ್ಲಿ 1910ರಲ್ಲಿ ಬಿ.ಎಲ್.ಡಿ.ಇ., ಬೆಳಗಾವಿಯಲ್ಲಿ 1916ರಲ್ಲಿ ಕೆ.ಎಲ್.ಇ. ಎಂಬ ಶಿಕ್ಷಣ ಸಂಸ್ಥೆಗಳು ಶುರುವಾದವು. ಆ ಕಾಲದಲ್ಲಿ ಹಳ್ಳಿಯ ಹುಡುಗರು ವಾರಾನ್ನ ಮಾಡಿ, ಮಠಗಳ ಪ್ರಸಾದ ನಿಲಯಗಳಲ್ಲಿ ಉಂಡು ಓದಿದರು. ಶಾಲೆ ಕಟ್ಟಿದರಷ್ಟೇ ಸಾಲದು, ಓದುವ ಮಗುವಿಗೆ ಉಣ್ಣಲು, ಮಲಗಲು ಜಾಗ ಬೇಕು ಅಂತ ಜನ ತಿಳಿದಿದ್ದರು. ಈಗ ಆ ಜಾಗ ಬೇಕಾಗಿರುವುದು ಬೆಂಗಳೂರಿನಲ್ಲಿ, ಪುಣೆಯಲ್ಲಿ.

ನನ್ನ ಬೇಡಿಕೆ ದೊಡ್ಡದೇನಲ್ಲ. ಕೊನೆಯ ಸೆಮಿಸ್ಟರಿನಲ್ಲಿ ಮೂರು ದಿನ 'ಸಾಫ್ಟ್ ಸ್ಕಿಲ್ಸ್' ಅಂತ ಟೈ ಕಟ್ಟುವುದು, ಕೈ ಕುಲುಕುವುದು ಕಲಿಸುವ ಬದಲು ಮೊದಲ ವರ್ಷದಿಂದಲೇ ವಾರಕ್ಕೆ ಎರಡು ಪೀರಿಯಡ್ ಇಂಗ್ಲಿಷ್ ಮಾತಾಡಿಸಿ. ಸರ್ಕಾರಿ ಕಾಲೇಜಿಗೆ ಬರುವ ಕಂಪನಿಗಳಿಗೆ ಎಸ್‌ಎಸ್‌ಎಲ್‌ಸಿ ಅಂಕದ, ಗ್ಯಾಪಿನ ಷರತ್ತು ಬಿಡಿ ಅಂತ ಪ್ರಾಂಶುಪಾಲರು ಬಾಯಿಬಿಟ್ಟು ಕೇಳಲಿ. ಕೇಳಿದರೆ ಕೆಲವರಾದರೂ ಬಿಡುತ್ತಾರೆ. ಕೆಲಸಕ್ಕೆ ಸೇರುವ ಮಕ್ಕಳಿಗೆ 25 ಸಾವಿರದ ಬಡ್ಡಿಯಿಲ್ಲದ ಕೈಗಡ ಸಿಗಲಿ, ಸಂಬಳ ಬಂದ ಮೇಲೆ ಕಂತಿನಲ್ಲಿ ತೀರಿಸುತ್ತಾರೆ. ವಿಜಯಪುರ, ಬಾಗಲಕೋಟೆ, ಬೆಳಗಾವಿ ಈ ಮೂರು ಜಿಲ್ಲೆಗಳ ಹೊಸ ಪದವೀಧರರಿಗೆ ಬೆಂಗಳೂರಿನಲ್ಲಿ ಮೊದಲ ಮೂರು ತಿಂಗಳು ಇರಲು ಒಂದು ಹಾಸ್ಟೆಲ್ ಆಗಲಿ. ಹೆಣ್ಣುಮಕ್ಕಳದ್ದು ಮೊದಲು. ಅಂತಹ ಜಾಗ ಇದೆ ಅಂತ ಗೊತ್ತಿದ್ದಿದ್ದರೆ ಆ ತಂದೆ ಬಹುಶಃ ಹೂಂ ಅನ್ನುತ್ತಿದ್ದರು.

ಸರ್ಕಾರ ಮಾಡುವವರೆಗೆ ಸುಮ್ನೆ ಕೂರುವ ಹಾಗಿಲ್ಲ. ಈ ವರ್ಷದ ರಿಸಲ್ಟ್ ಬರುತ್ತಿದ್ದಂತೆ ಮತ್ತೆ ಆಫರ್ ಲೆಟರ್‌ಗಳು ಬರುತ್ತವೆ. ವಿಜಯಪುರ, ಬಾಗಲಕೋಟೆ, ಬೆಳಗಾವಿ ಕಡೆಯಿಂದ ಹೋಗಿ ಬೆಂಗಳೂರಿನಲ್ಲಿ ನೆಲೆಯಾದವರು ನನ್ನ ಫ್ರೆಂಡ್ಸ್ ಪಟ್ಟಿಯಲ್ಲಿ ಬಹಳ ಜನ ಇದ್ದೀರಿ. ನಿಮ್ಮ ಮನೆಯಲ್ಲಿ ಒಂದೆರಡು ತಿಂಗಳು ಒಬ್ಬ ಹುಡುಗಿಗೆ ಜಾಗ ಕೊಡಲು ಆಗುತ್ತದಾ? ಅಡ್ವಾನ್ಸ್ ಇಲ್ಲದೆ ಸೇರಿಸಿಕೊಳ್ಳುವ ಪಿಜಿ ಗೊತ್ತಿದೆಯಾ? ನನಗೆ ಇನ್‌ಬಾಕ್ಸ್ ಮಾಡಿ, ಏರಿಯಾ ಯಾವುದು ಅಂತ ತಪ್ಪದೆ ಬರೆಯಿರಿ. ಆಫೀಸಿಗೆ ಹತ್ತಿರ ಇದೆಯಾ ಅಂತ ಮಕ್ಕಳ ತಂದೆ ತಾಯಿ ಮೊದಲು ಕೇಳುವುದೇ ಅದನ್ನು.