ನೂರಕ್ಕೆ ವಯಸ್ಸು ಕೂಡಿಸುವ ಲೆಕ್ಕ ಇನ್ನಾದರೂ ಬಿಡಿ

"ವಯಸ್ಸಾದ ಮೇಲೆ ಬಿಪಿ ಜಾಸ್ತಿ ಇರೋದು ಸಹಜ, ನೂರಕ್ಕೆ ವಯಸ್ಸು ಕೂಡಿಸಿದರೆ ಆಯ್ತು." ಮದುವೆಮನೆ ಪಂಕ್ತಿಯಲ್ಲೂ ಪಾರ್ಕಿನ ಬೆಂಚಿನ ಮೇಲೂ ಈ ಮಾತು ಕೇಳಿಕೇಳಿ ಸಾಕಾಗಿದೆ. ದಯವಿಟ್ಟು ನಂಬಬೇಡಿ.

ದೊಡ್ಡವರಿಗೆ ಬಿಪಿ 120/80ರ ಒಳಗಿದ್ದರೆ ಚೆನ್ನ. ಬೇರೆ ಬೇರೆ ದಿನ ನೋಡಿದಾಗಲೂ 140/90 ದಾಟುತ್ತಿದ್ದರೆ ಅದು ಕಾಯಿಲೆಯೇ. 30ಕ್ಕೂ ಅದೇ ಗೆರೆ, 65ಕ್ಕೂ ಅದೇ. ಅಮೆರಿಕದ ಹೃದ್ರೋಗ ತಜ್ಞರಂತೂ 2017ರಲ್ಲಿ ಆ ಗೆರೆಯನ್ನು 130/80ಕ್ಕೆ ಇಳಿಸಿದರು. ಚಿಕ್ಕ ಮಕ್ಕಳ ಲೆಕ್ಕ ಮಾತ್ರ ಬೇರೆ, ಅದನ್ನು ವಯಸ್ಸು, ಎತ್ತರ ನೋಡಿ ಮಕ್ಕಳ ಡಾಕ್ಟರೇ ಹೇಳಬೇಕು.

ನಮ್ಮ ದೊಡ್ಡಪ್ಪನಿಗೆ ಈಚೆಗೆ 168/70 ಬಂತು. "ಕೆಳಗಿನದು ಚೆನ್ನಾಗಿದೆಯಲ್ಲೋ" ಅಂದರು. ಅಲ್ಲೇ ಇರೋದು ಅಪಾಯ. 50-55 ದಾಟಿದ ಮೇಲೆ ದೊಡ್ಡ ರಕ್ತನಾಳಗಳು ಹಳೇ ರಬ್ಬರ್ ಪೈಪಿನ ಹಾಗೆ ಬಿರುಸಾಗುತ್ತವೆ. ಮೇಲಿನ ಅಂಕಿ ಏರುತ್ತಾ ಹೋಗುತ್ತೆ, ಕೆಳಗಿನದು ತಾನಾಗಿ ಇಳಿಯುತ್ತೆ. ಆ ವಯಸ್ಸಿನಲ್ಲಿ ಲಕ್ವ ಹೊಡೆಯುವ ಭಯ ಮುಖ್ಯವಾಗಿ ಮೇಲಿನ ಅಂಕಿಯಿಂದಲೇ.

"ಈ ವಯಸ್ಸಲ್ಲಿ ಮಾತ್ರೆ ಯಾಕೆ" ಅನ್ನುವವರಿಗೂ ಉತ್ತರ ಇದೆ. 80 ದಾಟಿದವರಿಗೇ ಮಾತ್ರೆ ಕೊಟ್ಟು ನೋಡಿದ ಹೈವೆಟ್ ಅಧ್ಯಯನ 2008ರಲ್ಲಿ ಪ್ರಕಟವಾಯಿತು. ಬಿಪಿಯನ್ನು 150/80ಕ್ಕೆ ತರುವ ಗುರಿಯಿಟ್ಟು ಕೊಟ್ಟ ಮಾತ್ರೆ ತೆಗೆದುಕೊಂಡವರಲ್ಲಿ ಸಾವು ಎಷ್ಟು ಕಡಿಮೆಯಾಯಿತೆಂದರೆ, ಅಧ್ಯಯನವನ್ನೇ ಅವಧಿಗೆ ಮೊದಲು ನಿಲ್ಲಿಸಿದರು.

ಇನ್ನು ಸಹಜ ಅನ್ನುವ ಮಾತು. ಅಮೆಜಾನ್ ಕಾಡಿನ ಯಾನೊಮಾಮಿ ಜನ ಅಡುಗೆಗೆ ಉಪ್ಪು ಹಾಕುತ್ತಿರಲಿಲ್ಲ. ಅವರಲ್ಲಿ ವಯಸ್ಸಾದರೂ ಬಿಪಿ ಏರದಿದ್ದದ್ದು ಹಿಂದೆಯೇ ದಾಖಲಾಗಿದೆ. ನಮಗೋ ದಿನಕ್ಕೆ 5 ಗ್ರಾಂ, ಅಂದರೆ ಒಂದು ಟೀ ಚಮಚದೊಳಗೆ ಸಾಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳಿದರೂ, ಉಪ್ಪಿನಕಾಯಿ, ಹಪ್ಪಳ, ಬೇಕರಿ ಖಾರ ಸೇರಿ ಅದು ಎಲ್ಲೋ ದಾಟಿಹೋಗುತ್ತೆ.

ನೋಡುವ ರೀತಿಯೂ ಸರಿಯಿರಬೇಕು. ಮೆಟ್ಟಿಲು ಹತ್ತಿ ಬಂದವರ ತೋಳಿಗೆ, ಅಂಗಿಯ ಮೇಲೇ ಪಟ್ಟಿ ಸುತ್ತಿ, ಮಾತಾಡಿಸುತ್ತಾ ನೋಡಿದರೆ ಅಂಕಿ ಏರಿಯೇ ಏರುತ್ತೆ. ಮೂತ್ರಕ್ಕೆ ಹೋಗಿ ಬಂದು, ಬೆನ್ನಿಗೆ ಆಸರೆ ಕೊಟ್ಟು, ಕಾಲು ನೆಲಕ್ಕೂರಿ ಐದು ನಿಮಿಷ ಸುಮ್ಮನೆ ಕೂರಲಿ. ಅದಕ್ಕೆ ಅರ್ಧ ಗಂಟೆ ಮೊದಲು ಕಾಫಿ, ಬೀಡಿ ಬೇಡ. ತೋಳು ಎದೆಯ ಮಟ್ಟದಲ್ಲಿರಲಿ. ಎರಡು ಸಲ ನೋಡಿ ಬರೆದಿಡಿ.

ಎದ್ದರೆ ತಲೆ ಸುತ್ತುತ್ತೆ ಅನ್ನುವ ಹಿರಿಯರಿಗೆ ನಿಲ್ಲಿಸಿಯೂ ಒಮ್ಮೆ ನೋಡಿ. ಮೇಲಿನದು 20ರಷ್ಟು ಇಳಿದರೆ ಡಾಕ್ಟರಿಗೆ ತಿಳಿಸಿ, ಮಾತ್ರೆಯನ್ನು ಮಾತ್ರ ನೀವಾಗಿ ನಿಲ್ಲಿಸಬೇಡಿ.