32ರ ಟೈರಿಗೆ 25ರ ಟ್ಯೂಬ್ ಬೇಡ

ರೋಡ್ ಬೈಕಿನಲ್ಲಿ, ಅಂದರೆ ಡಾಂಬರು ರಸ್ತೆಯ ವೇಗದ ಸೈಕಲಿನಲ್ಲಿ, 23 ಮಿ.ಮೀ. ಟೈರಿನ ಕಾಲ ಹೋಯಿತು. ಹೊಸ ಬೈಕುಗಳು 28, 30, 32ರಲ್ಲೇ ಬರುತ್ತಿವೆ. ಹಳೇ ಬೈಕಿನವರೂ ಫ್ರೇಮು, ಬ್ರೇಕು ಜಾಗ ಕೊಟ್ಟಷ್ಟು ಅಗಲದ ಟೈರ್ ಹಾಕಿಸುತ್ತಿದ್ದಾರೆ. ನಮ್ಮ ರಸ್ತೆಗಳಿಗೆ ಅದೇ ಸರಿ. ಆದರೆ ಟೈರಿಗೆ ಅಷ್ಟು ಯೋಚಿಸಿ ದುಡ್ಡು ಹಾಕಿದವರು ಟ್ಯೂಬಿನ ವಿಷಯಕ್ಕೆ ಬಂದಾಗ ಮನೆಯಲ್ಲಿದ್ದ 18-25ನ್ನೇ (18ರಿಂದ 25 ಮಿ.ಮೀ. ಟೈರಿಗೆ ಆಗುವ ಟ್ಯೂಬನ್ನು) ಒಳಗೆ ತುರುಕುತ್ತಾರೆ. ಗಾಳಿ ತುಂಬಿದರೆ ಉಬ್ಬುತ್ತದೆ, ಗಾಡಿ ಓಡುತ್ತದೆ. ಹಾಗಾಗಿ ತಪ್ಪಾಗಿದೆ ಅಂತ ಅನ್ನಿಸುವುದೇ ಇಲ್ಲ.

ಏನಾಗುತ್ತದೆ ಅಂತ ಲೆಕ್ಕ ಹಾಕಿ ನೋಡೋಣ. ಗಾಳಿ ಇಲ್ಲದ ಟ್ಯೂಬನ್ನು ಮೇಜಿನ ಮೇಲೆ ಚಪ್ಪಟೆಯಾಗಿ ಹಾಸಿ ಅಡ್ಡಗಲ ಅಳೆಯಿರಿ. 28 ಮಿ.ಮೀ. ಬಂತು ಅಂದುಕೊಳ್ಳಿ. ಎರಡು ಪದರ ಇರುವುದರಿಂದ ಸುತ್ತಳತೆ 56. 32ರ ಟೈರಿನ ಒಳಗಿನ ವ್ಯಾಸ ಸುಮಾರು 30 ಅಂತ ಹಿಡಿದರೆ ಸುತ್ತಳತೆ 94. ಅಂದರೆ ರಬ್ಬರು ಒಂದೂಮುಕ್ಕಾಲು ಪಟ್ಟಿನ ಹತ್ತಿರ ಹಿಗ್ಗಬೇಕು. 0.9 ಮಿ.ಮೀ. ದಪ್ಪದ ಗೋಡೆ 0.55ರ ಆಸುಪಾಸಿಗೆ ಇಳಿಯಿತು. ತೆಳುವಾದ ಗೋಡೆಯಿಂದ ಗಾಳಿ ಬೇಗ ಸೋರುತ್ತದೆ. ಬಳ್ಳಾರಿ ಜಾಲಿಯ ಮುಳ್ಳೋ, ಹೆದ್ದಾರಿ ಅಂಚಿನಲ್ಲಿ ಬಿದ್ದಿರುವ ಲಾರಿ ಟೈರಿನ ತಂತಿಚೂರೋ ಚುಚ್ಚಿದರೆ, ಬಿಗಿಯಾಗಿ ಎಳೆದ ರಬ್ಬರಿನಲ್ಲಿ ತೂತು ಬಾಯಿ ಬಿಡುತ್ತದೆ. ಪ್ಯಾಚ್ ಹಾಕಿದರೂ ಟ್ಯೂಬು ಹಿಗ್ಗಿದಷ್ಟು ಪ್ಯಾಚ್ ಹಿಗ್ಗುವುದಿಲ್ಲ. ಅಂಚು ಎದ್ದು ನಿಧಾನವಾಗಿ ಗಾಳಿ ಹೋಗುತ್ತದೆ. "ಪ್ಯಾಚ್ ನಿಲ್ಲಲ್ಲ" ಅನ್ನುವವರು ಮೊದಲು ಟ್ಯೂಬಿನ ಅಳತೆ ನೋಡಲಿ.

ಡಬ್ಬಿಯ ಮೇಲೆ ಬರೆದ ವ್ಯಾಪ್ತಿಯ ಮೇಲ್ತುದಿಗೆ ನಿಮ್ಮ ಟೈರ್ ಬರಬಾರದು, ನಡುವೆ ಅಥವಾ ಕೆಳಗೆ ಬರಬೇಕು. 28ರ ಟೈರಿಗೆ 18-28 ಅಂತ ಬರೆದದ್ದೂ ನಡೆಯುತ್ತದೆ, 25-32 ಒಳ್ಳೆಯದು. 32ರ ಟೈರಿಗೆ 25-32ಕ್ಕಿಂತ 28ರಿಂದ ಶುರುವಾಗಿ 35ಕ್ಕೋ 47ಕ್ಕೋ ಹೋಗುವಂಥದ್ದನ್ನು ತಗೊಳ್ಳಿ. ಟೈರಿನ ಮೇಲೆ ಅಚ್ಚಾದ ಅಗಲವನ್ನೂ ಪೂರ್ತಿ ನಂಬಬೇಡಿ. ರಿಮ್ಮಿನ ಒಳಗಿನ ಅಗಲ 21, 23 ಮಿ.ಮೀ. ಇರುವ ಈಗಿನ ವೀಲುಗಳಲ್ಲಿ 28ರ ಟೈರ್ 30ಕ್ಕೆ, 32ರದ್ದು 34ಕ್ಕೆ ಹರಡಿಕೊಳ್ಳುವುದುಂಟು. ಗಾಳಿ ತುಂಬಿ ಕ್ಯಾಲಿಪರ್ ಇಟ್ಟು ಅಳೆದರೆ ಸಿಗುವುದೇ ನಿಜವಾದ ಅಳತೆ.

ಹಾಗಂತ ಎಷ್ಟು ದೊಡ್ಡದಾದರೂ ಸರಿ ಅಂತಲ್ಲ. 25ರ ಟೈರಿಗೆ 28-47ರ ಟ್ಯೂಬ್ ಹಾಕಿದರೆ ಒಳಗೆ ಮಡಿಕೆ ಬೀಳುತ್ತದೆ, ಮಡಿಕೆ ಉಜ್ಜಿ ಉಜ್ಜಿ ಅದೇ ಗೆರೆಯಲ್ಲಿ ಹರಿಯುತ್ತದೆ. ಟೈರ್ ಏರಿಸುವಾಗ ಬೀಡಿನ (ರಿಮ್ಮಿನಲ್ಲಿ ಕೂರುವ ಟೈರಿನ ಅಂಚಿನ) ಕೆಳಗೆ ಸಿಕ್ಕಿಕೊಳ್ಳುವುದೂ ಹೆಚ್ಚು.

ಇನ್ನು 28 ಅನ್ನುವ ಅಂಕಿ. ಇದರಷ್ಟು ಗೊಂದಲ ಮಾಡುವುದು ಬೇರೆ ಇಲ್ಲ. ಕಾಂಟಿನೆಂಟಲ್ ಕಂಪನಿಯ "ರೇಸ್ 28" ಟ್ಯೂಬಿನಲ್ಲಿ 28 ಎಂದರೆ ಗಾಲಿಯ ಇಂಚಿನ ಹೆಸರು, ಅಗಲವಲ್ಲ. ಆ ಟ್ಯೂಬಿನ ಅಗಲ 25ಕ್ಕೇ ಮುಗಿಯುತ್ತದೆ. 28 ಮಿ.ಮೀ. ಟೈರಿನವರಿಗೆ ಬೇಕಾದದ್ದು 25-32ರ "ರೇಸ್ 28 ವೈಡ್". ನಮ್ಮೂರ ಸೈಕಲ್ ಅಂಗಡಿಯಲ್ಲಿ "28 ಟ್ಯೂಬ್ ಕೊಡಿ" ಅಂದರೆ ಕೈಗೆ ಬರುವುದು ಮತ್ತೊಂದೇ: ಹಿಂದಿನಿಂದ ನೋಡಿಕೊಂಡು ಬಂದ ಕಪ್ಪು ಸೈಕಲಿನ 28×1½. ಅದರ ರಿಮ್ಮಿನ ಬೀಡ್ ವ್ಯಾಸ 635 ಮಿ.ಮೀ., ರೋಡ್ ಬೈಕಿನದು 622. ಅದರ ವಾಲ್ವೂ ಡನ್‌ಲಪ್, ದಪ್ಪನೆಯದು. ರೋಡ್ ಬೈಕಿನ ತೆಳ್ಳನೆಯ ಪ್ರೆಸ್ಟಾ ವಾಲ್ವಿಗಾಗಿ ಕೊರೆದ 6.5 ಮಿ.ಮೀ. ತೂತಿನಲ್ಲಿ ಅದು ಇಳಿಯುವುದೇ ಇಲ್ಲ. ತೂತು ದೊಡ್ಡದು ಮಾಡಿಕೊಡುತ್ತೇನೆ ಅಂತ ಯಾರಾದರೂ ಡ್ರಿಲ್ ಎತ್ತಿಕೊಂಡರೆ ದಯವಿಟ್ಟು ಬೇಡ ಅನ್ನಿ, ಕಿರಿದಾದ ರಿಮ್ ಅಲ್ಲಿಯೇ ಬಲ ಕಳೆದುಕೊಳ್ಳುತ್ತದೆ. ಅಂಗಡಿಯಲ್ಲಿ ಕೇಳುವಾಗ 32-622 ಅಂತ ಟೈರಿನ ಬದಿಯಲ್ಲಿರುವ ಜೋಡಿ ಅಂಕಿಯನ್ನೇ ತೋರಿಸಿ, ಜೊತೆಗೆ ಪ್ರೆಸ್ಟಾ ಅನ್ನಿ.

ವಾಲ್ವಿನ ಉದ್ದಕ್ಕೆ ರಿಮ್ಮಿನ ಆಳಕ್ಕೆ 15-20 ಮಿ.ಮೀ. ಸೇರಿಸಿದರೆ ಸಾಕು. 25 ಮಿ.ಮೀ. ಆಳದ ರಿಮ್ಮಿಗೆ 40 ಅಥವಾ 48, 40ರದ್ದಕ್ಕೆ 60, 60ರದ್ದಕ್ಕೆ 80. ವಾಲ್ವಿನ ಬಳೆಯನ್ನು ಸ್ಪ್ಯಾನರ್ ಹಾಕಿ ಬಿಗಿಯಬೇಡಿ, ಬುಡದಲ್ಲಿ ರಬ್ಬರು ಹರಿಯುವುದಕ್ಕೆ ಅದೇ ದಾರಿ.

ಟ್ಯೂಬು ಯಾವುದರದ್ದು: ಮಾಮೂಲಿ ಕಪ್ಪು ರಬ್ಬರಿನ ಬ್ಯೂಟೈಲೋ, ಲೇಟೆಕ್ಸೋ, ತೆಳು ಪ್ಲಾಸ್ಟಿಕ್ಕಿನಂಥ ಟಿಪಿಯುವೋ? ದಿನದ ಓಡಾಟಕ್ಕೆ ನನ್ನ ಮತ ಬ್ಯೂಟೈಲಿಗೇ. ನೂರು, ನೂರೈವತ್ತು ಗ್ರಾಂ ತೂಗುತ್ತದೆ ನಿಜ, ಆದರೆ ಗಾಳಿ ಹಿಡಿದಿಡುತ್ತದೆ, ಯಾವ ಪಂಕ್ಚರ್ ಅಂಗಡಿಯಲ್ಲೂ ಪ್ಯಾಚ್ ಆಗುತ್ತದೆ. ಲೇಟೆಕ್ಸ್ ಮೆತ್ತಗೆ ಓಡುತ್ತದೆ, ಆದರೆ ರಾತ್ರಿ ಬೆಳಗಾಗುವುದರೊಳಗೆ ಒತ್ತಡ ಇಳಿದಿರುತ್ತದೆ. 400, 600 ಕಿ.ಮೀ. ಬ್ರೆವೆಗೆ (ಗಡುವಿನೊಳಗೆ ಮುಗಿಸಬೇಕಾದ ದೂರದ ಸೈಕಲ್ ಸವಾರಿಗೆ) ಹೊರಟವರು ದಾರಿಯಲ್ಲಿ ಮತ್ತೆ ಪಂಪ್ ಹಿಡಿಯಬೇಕಾಗುತ್ತದೆ. ಟಿಪಿಯು 30-40 ಗ್ರಾಂ, ಮುಷ್ಟಿಯೊಳಗೆ ಅಡಗುತ್ತದೆ. ಸ್ಯಾಡಲ್ ಬ್ಯಾಗಿನ ಸ್ಪೇರ್ ಆಗಿ ಅದಕ್ಕಿಂತ ಒಳ್ಳೆಯದಿಲ್ಲ. ಆದರೆ ಟೈರಿನ ಹೊರಗೆ ಅದನ್ನು ಉಬ್ಬಿಸಿ ಪರೀಕ್ಷಿಸಬೇಡಿ, ಒಮ್ಮೆ ಹಿಗ್ಗಿದ್ದು ಮೊದಲಿನ ಗಾತ್ರಕ್ಕೆ ಬರುವುದಿಲ್ಲ. 32ರಲ್ಲಿ ಓಡಿದ್ದನ್ನು ಆಮೇಲೆ 25ಕ್ಕೆ ಹಾಕಲಾಗದು. ಮಾಮೂಲಿ ಪ್ಯಾಚ್ ಅಂಟುವುದಿಲ್ಲ, ಅದರದೇ ಪ್ಯಾಚ್ ಬೇಕು. ರಿಮ್ ಬ್ರೇಕ್ ಇದ್ದರೆ ಪೊಟ್ಟಣ ಓದಿ, ಕೆಲವು ಡಿಸ್ಕ್ ಬ್ರೇಕಿಗೆ ಮಾತ್ರ, ರಿಮ್ಮಿನ ಬಿಸಿ ತಾಳುವುದಿಲ್ಲ. ನಂದಿ ಬೆಟ್ಟದಿಂದ ಬ್ರೇಕ್ ಹಿಡಿದುಕೊಂಡೇ ಇಳಿದರೆ ರಿಮ್ ಎಷ್ಟು ಕಾಯುತ್ತದೆ ಅಂತ ಇಳಿದವರಿಗೆಲ್ಲ ಗೊತ್ತು.

ಹಾಕುವ ಕ್ರಮದಲ್ಲಿ ಎರಡು ಮಾತು. ಟ್ಯೂಬ್ ದುಂಡಾಗುವಷ್ಟು ಮಾತ್ರ ಗಾಳಿ ಕೊಟ್ಟು ಒಳಗಿಡಿ, ಟಿಪಿಯುಗಾದರೆ ಒಂದೆರಡು ಒತ್ತು ಸಾಕು. ಬೀಡ್ ಏರಿಸುವುದನ್ನು ವಾಲ್ವಿನ ಎದುರು ಬದಿಯಿಂದ ಶುರುಮಾಡಿ ವಾಲ್ವಿನ ಹತ್ತಿರ ಮುಗಿಸಿ. ಕೊನೆಗೆ ವಾಲ್ವನ್ನು ಒಮ್ಮೆ ಟೈರಿನೊಳಕ್ಕೆ ಒತ್ತಿ ಬಿಡಿ. ಅಗಲದ ಟ್ಯೂಬ್ ಬುಡದಲ್ಲಿ ದಪ್ಪ ಇರುವುದರಿಂದ ಬೀಡಿನಡಿ ಸಿಕ್ಕುವುದು ಹೆಚ್ಚಾಗಿ ಅಲ್ಲೇ. ಲಿವರ್ ಬೇಡ, ಹೆಬ್ಬೆರಳೇ ಸಾಕು. ಪೂರ್ತಿ ಗಾಳಿಗೆ ಮೊದಲು ಸುತ್ತಲೂ ಟೈರನ್ನು ಪಕ್ಕಕ್ಕೆ ಒತ್ತಿ ಇಣುಕಿ, ಎಲ್ಲೂ ಟ್ಯೂಬ್ ಕಾಣಬಾರದು.

ಒತ್ತಡವೂ ಅಗಲದ ಜೊತೆ ಇಳಿಯಬೇಕು. 70 ಕಿಲೋ ತೂಕದವರು 28ರಲ್ಲಿ 70 ಪಿಎಸ್‌ಐ, 32ರಲ್ಲಿ 55ರಿಂದ ಶುರುಮಾಡಿ ನೋಡಬಹುದು. ಹುಕ್‌ಲೆಸ್ ರಿಮ್ (ಒಳ ಅಂಚಿನಲ್ಲಿ ಟೈರ್ ಹಿಡಿಯುವ ಕೊಕ್ಕೆಯಿಲ್ಲದ್ದು) ಆದರೆ 72 ದಾಟಬೇಡಿ. ಹಾಗಂತ ತೀರಾ ಇಳಿಸಿದರೆ ಗುಂಡಿಯ ಅಂಚಿಗೆ ಬಡಿದಾಗ ಟ್ಯೂಬ್ ರಿಮ್ಮಿಗೂ ರಸ್ತೆಗೂ ನಡುವೆ ಸಿಕ್ಕಿ ಎರಡು ಸೀಳು ಜೋಡಿಯಾಗಿ ಬೀಳುತ್ತವೆ, ಹಾವು ಕಚ್ಚಿದ ಗುರುತಿನ ಹಾಗೆ. ತೂತು ಒಳಬದಿಯಲ್ಲಿ, ಸ್ಪೋಕಿನ ಗುಂಡಿಗೆ ಸರಿಯಾಗಿ ಇದ್ದರೆ ರಿಮ್ ಟೇಪ್ ಸರಿದಿದೆ, ಟ್ಯೂಬನ್ನು ಎಷ್ಟು ಬದಲಿಸಿದರೂ ಮತ್ತೆ ಅಲ್ಲೇ ಆಗುತ್ತದೆ.

ಈಗ ಸ್ಯಾಡಲ್ ಬ್ಯಾಗ್ ತೆರೆದು ಅಲ್ಲಿ ಮಡಚಿಟ್ಟ ಟ್ಯೂಬಿನ ಅಂಕಿ ಓದಿ. 18-25 ಇದ್ದರೆ ಮನೆ ಮುಟ್ಟಿಸಲು ಅದು ಸಾಕು, ಮುಟ್ಟಿದ ಮೇಲೆ ತೆಗೆದುಬಿಡಿ. ಹೊಸದನ್ನು ಪ್ಲಾಸ್ಟಿಕ್ಕಿನಲ್ಲೋ ಹಳೇ ಕಾಲುಚೀಲದಲ್ಲೋ ಸುತ್ತಿಡಿ. ಅಲೆನ್ ಕೀಗೆ ತಿಂಗಳುಗಟ್ಟಲೆ ಉಜ್ಜಿಕೊಂಡ ಸ್ಪೇರ್, ಬೇಕಾದ ಹೊತ್ತಿಗೆ ತೂತಾಗಿಯೇ ಹೊರಬರುತ್ತದೆ.