ಮನೋರೋಗಿಯು ಕೊಲೆ ಮಾಡಿದರೆ ಶಿಕ್ಷೆಯಿಂದ ವಿನಾಯಿತಿ ಸಲ್ಲಬೇಕೆ?: ಪರ-ವಿರೋಧ

ಪರ

ತಪ್ಪೆಂದು ತಿಳಿದೂ ಮಾಡಿದವನಿಗೆ ಶಿಕ್ಷೆ ಸಲ್ಲುತ್ತದೆ. ತಿಳಿಯುವ ಶಕ್ತಿಯನ್ನೇ ರೋಗ ಕಿತ್ತುಕೊಂಡಿದ್ದರೆ ಸಲ್ಲಬೇಕಾದದ್ದು ಚಿಕಿತ್ಸೆ. 1860ರ ದಂಡ ಸಂಹಿತೆಯ 84ನೇ ಕಲಮು ಒಪ್ಪಿದ್ದ ಈ ಮಾತನ್ನು 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 22ನೇ ಕಲಮು ಹಾಗೆಯೇ ಉಳಿಸಿಕೊಂಡಿದೆ. ಕೃತ್ಯ ನಡೆದ ಗಳಿಗೆಯಲ್ಲಿ ತಾನು ಮಾಡುತ್ತಿರುವುದೇನು ಎಂಬುದಾಗಲಿ, ಅದು ತಪ್ಪು ಅಥವಾ ಕಾನೂನಿಗೆ ವಿರುದ್ಧ ಎಂಬುದಾಗಲಿ ಚಿತ್ತದ ಅಸ್ವಸ್ಥತೆಯಿಂದಾಗಿ ತಿಳಿಯಲಾರದವನಿಗೆ ಮಾತ್ರ ಈ ರಕ್ಷಣೆ.

ಹುಚ್ಚಿನ ಸೋಗು ಹಾಕಿ ಕೊಲೆಗಾರರು ಪಾರಾಗುತ್ತಾರೆ ಎಂಬ ಭಯ ಸಹಜ. ಆದರೆ ಇಲ್ಲದ್ದನ್ನು ಇದೆಯೆಂದು ನಂಬಿಸುವ ತೀವ್ರ ಮನೋರೋಗವಾದ ಸ್ಕಿಜೋಫ್ರೇನಿಯಾ ಇದೆ ಎಂಬ ವೈದ್ಯರ ಚೀಟಿಯೊಂದರಿಂದಲೇ ಯಾರೂ ಬಿಡುಗಡೆಯಾಗುವುದಿಲ್ಲ. ಸಾಬೀತುಪಡಿಸುವ ಹೊಣೆ ಆರೋಪಿಯದೇ. ಕೃತ್ಯಕ್ಕೆ ಮುಂಚೆ, ಕೃತ್ಯದ ವೇಳೆ ಮತ್ತು ಆಮೇಲೆ ಅವನು ಹೇಗೆ ನಡೆದುಕೊಂಡ ಎಂಬುದನ್ನು ನೋಡಬೇಕೆಂದು ಸುಪ್ರೀಂ ಕೋರ್ಟ್ 1964ರಲ್ಲೇ ಹೇಳಿದೆ. ಶಿರಸಿ ಕಡೆಯ ಒಂದು ಒಂಟಿಮನೆಯನ್ನು ಊಹಿಸಿಕೊಳ್ಳೋಣ. ಅಡುಗೆಮನೆಯಲ್ಲಿರುವುದು ಹೆತ್ತ ಆಯಿಯಲ್ಲ, ಆಯಿಯ ರೂಪ ತೊಟ್ಟ ಪಿಶಾಚಿ ಎಂದು ನಂಬಿ ಕತ್ತಿ ಬೀಸಿದ ಮಗ, ರಕ್ತದ ಬಟ್ಟೆಯಲ್ಲೇ ಜಗಲಿಯಲ್ಲಿ ಕುಳಿತು, ಬಂದವರನ್ನೆಲ್ಲ ‘ನಮ್ಮ ಆಯಿ ಎಲ್ಲಿ?’ ಎಂದು ಕೇಳುತ್ತಾನೆ. ಇನ್ನೊಬ್ಬ ಕತ್ತಿಯನ್ನು ಸೊಪ್ಪಿನ ಬೆಟ್ಟದ ಒಣ ಎಲೆಗಳಡಿ ಹುಗಿದು, ಬಟ್ಟೆ ಬದಲಿಸಿ, ಗೋವಾ ಬಸ್ಸು ಹತ್ತುತ್ತಾನೆ. ಇವರಿಬ್ಬರನ್ನು ಒಂದೇ ತಕ್ಕಡಿಯಲ್ಲಿ ತೂಗುವ ಕಾನೂನು ನ್ಯಾಯದ್ದಲ್ಲ.

ಮೊದಲನೆಯವನು ಖುಲಾಸೆಯಾದರೂ ನೇರವಾಗಿ ಮನೆಗೆ ಹೋಗುವುದಿಲ್ಲ. ಕೃತ್ಯ ಅವನಿಂದಲೇ ನಡೆಯಿತೆಂದು ತೀರ್ಪಿನಲ್ಲಿ ದಾಖಲಿಸಿ, ನ್ಯಾಯಾಲಯ ಅವನನ್ನು ಸುರಕ್ಷಿತ ಪಾಲನೆಗೆ ಒಪ್ಪಿಸುತ್ತದೆ, ಇಲ್ಲವೆ ತಕ್ಕ ಭದ್ರತೆ ಪಡೆದು ಬಂಧುಗಳ ವಶಕ್ಕೆ ಕೊಡುತ್ತದೆ. ನಮ್ಮ ಉತ್ತರ ಕನ್ನಡ ಜಿಲ್ಲೆಯವರು ಇನ್ನೂ ಒಂದು ಮಾತನ್ನು ಒಪ್ಪಿಕೊಳ್ಳಬೇಕು: ಅರಬೈಲ್ ಘಟ್ಟ ಹತ್ತಿ ಧಾರವಾಡದ ಮನೋರೋಗ ಆಸ್ಪತ್ರೆ ಡಿಮ್ಹಾನ್ಸ್ ತಲುಪುವ ಮೊದಲು ದೇವರ ಬಳಿ ನೋಟ ಕೇಳುವುದರಲ್ಲಿ, ತಾಯಿತ ಕಟ್ಟಿಸುವುದರಲ್ಲಿ ವರ್ಷಗಳೇ ಕಳೆದಿರುತ್ತವೆ. ಔಷಧಿಯಿಲ್ಲದೆ ಉಲ್ಬಣಿಸಿದ ರೋಗಕ್ಕೆ ರೋಗಿಯೊಬ್ಬನನ್ನೇ ಜೀವಾವಧಿ ಜೈಲಿಗೆ ಹಾಕುವುದು ಕ್ರೌರ್ಯ.

ವಿರೋಧ

ಮನೋರೋಗಿಗಳ ಬಗೆಗೆ ಕರುಣೆ ಬೇಕು; ಅವರಲ್ಲಿ ಬಹುಪಾಲು ಜನ ಯಾರ ಮೇಲೂ ಕೈ ಎತ್ತುವುದಿಲ್ಲ. ಆದರೆ ಕೊಲೆ ನಡೆದ ಮೇಲೆ ‘ಅಪರಾಧವೇ ಆಗಿಲ್ಲ’ ಎಂದು ಬರೆಯುವ ಅಧಿಕಾರವನ್ನು ಕಾನೂನಿಗೆ ಕೊಡಬಾರದು.

ಆ ಗಳಿಗೆಯ ಮನಸ್ಸನ್ನು ನೋಡಿದವರು ಯಾರು? ವೈದ್ಯರು ಆರೋಪಿಯನ್ನು ಪರೀಕ್ಷಿಸುವುದು ಬಂಧನವಾದ ಮೇಲೆ, ಎಷ್ಟೋ ಸಲ ವಾರಗಟ್ಟಲೆ ತಡವಾಗಿ, ಕೆಲವೊಮ್ಮೆ ಮಾತ್ರೆಗಳು ಹಿಡಿತಕ್ಕೆ ತಂದ ಬಳಿಕ. ಆಗ ಉಳಿಯುವುದು ಅವನ ಹೇಳಿಕೆ ಮತ್ತು ಮನೆಯವರ ಸಾಕ್ಷ್ಯ. ಸತ್ತವರೂ ಅದೇ ಮನೆಯವರಾಗಿದ್ದರೆ, ಒಬ್ಬರನ್ನು ಕಳೆದುಕೊಂಡವರು ಇನ್ನೊಬ್ಬನನ್ನು ಉಳಿಸಿಕೊಳ್ಳಲು ಏನನ್ನಾದರೂ ಹೇಳಿಯಾರು; ಅದಕ್ಕಾಗಿ ಅವರನ್ನು ದೂರುವಂತೆಯೂ ಇಲ್ಲ. ನುರಿತ ತಜ್ಞರೂ ಒಮ್ಮತಕ್ಕೆ ಬರುವುದಿಲ್ಲ. 2011ರಲ್ಲಿ ನಾರ್ವೆಯಲ್ಲಿ 77 ಜನರನ್ನು ಕೊಂದ ಬ್ರೇವಿಕ್‌ಗೆ ಸ್ಕಿಜೋಫ್ರೇನಿಯಾ ಇದೆ ಎಂದು ಮೊದಲ ತಜ್ಞರ ತಂಡ ವರದಿ ಕೊಟ್ಟಿತು. ಎರಡನೆಯ ತಂಡ ಅದನ್ನು ಒಪ್ಪಲಿಲ್ಲ. ನ್ಯಾಯಾಲಯ 2012ರಲ್ಲಿ ಅವನನ್ನು ಹೊಣೆಗಾರನೆಂದೇ ತೀರ್ಮಾನಿಸಿತು.

ಬಂಧುಗಳ ವಶಕ್ಕೆ ಕೊಡುವ ಏರ್ಪಾಡೂ ಕಾಗದದ ಮೇಲೆ ಚೆನ್ನಾಗಿದೆ. ಜೋಯಿಡಾದ ಕಾಡಿನ ನಡುವಿನ ಹಳ್ಳಿಯಲ್ಲಿ, ಮಳೆಗಾಲದಲ್ಲಿ, ಮುಪ್ಪಾದ ಅಪ್ಪನೊಬ್ಬ ಗಟ್ಟಿಮುಟ್ಟಾದ ಮಗನಿಗೆ ದಿನವೂ ಮಾತ್ರೆ ನುಂಗಿಸಬೇಕು. ತಪ್ಪಿದರೆ ಮತ್ತೆ ಅಪಾಯಕ್ಕೆ ಸಿಲುಕುವವರು ಆ ಅಪ್ಪ ಮತ್ತು ಪಕ್ಕದ ಮನೆಯವರು. ಅವರು ಬರೆದುಕೊಟ್ಟ ಮುಚ್ಚಳಿಕೆ ಅವರನ್ನೇ ಕಾಯಲಾರದು.

ಚಿಕಿತ್ಸೆಗೂ ಶಿಕ್ಷೆಗೂ ಹಗೆತನವಿಲ್ಲ. ಪ್ರತಿ ರಾಜ್ಯದ ಒಂದು ಜೈಲಿನಲ್ಲಾದರೂ ಮಾನಸಿಕ ಚಿಕಿತ್ಸಾ ಕೇಂದ್ರ ಇರಬೇಕೆಂದು 2017ರ ಮಾನಸಿಕ ಆರೋಗ್ಯ ಕಾಯ್ದೆಯೇ ಹೇಳುತ್ತದೆ. ಹಾಗಿರುವಾಗ, ಕೃತ್ಯ ಸಾಬೀತಾದರೆ ದೋಷಿಯೆಂದೇ ತೀರ್ಪಾಗಲಿ, ಮರಣದಂಡನೆ ಬೇಡ, ಶಿಕ್ಷೆಯ ಅವಧಿಯನ್ನು ಅವನು ಆಸ್ಪತ್ರೆಯಲ್ಲೇ ಕಳೆಯಲಿ. ಬಿಡುಗಡೆಯ ಮಾತು ಬಂದಾಗ ವೈದ್ಯರ ಜೊತೆಗೆ ಸತ್ತವರ ಕಡೆಯವರನ್ನೂ ಕಾರವಾರದ ನ್ಯಾಯಾಲಯಕ್ಕೆ ಕರೆಸಿ, ಅವರ ಮಾತನ್ನು ಕೇಳಿದ ಮೇಲೆಯೇ ಆದೇಶವಾಗಲಿ.